ಸಜ್ಜಾದ ಕೆಳಗಿದ್ದ ಹೆಜ್ಜೇನಿಗೆ ಔಷಧಿ ಹೊಡೆಸಿದ್ರು. ಜೇನ್ನೊಣ ನಿಜವಾಗ್ಲೂ ಮುಗಿದು ಹೋಗ್ತಿದಾವಾ?

ಮೂರನೇಮಹಡಿ · ಭಾನುವಾರ ಬೆಳಗ್ಗೆ 8:12

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದೋದೇ ಜಾಸ್ತಿ, ಬರೀತಿರೋದು ಇದೇ ಮೊದಲು.

ನಮ್ಮ ಅಪಾರ್ಟ್‌ಮೆಂಟಿನ ಆರನೇ ಮಹಡಿಯ ಸಜ್ಜಾದ ಕೆಳಗೆ ಎರಡು ತಿಂಗಳಿಂದ ಹೆಜ್ಜೇನು ಕಟ್ಟಿತ್ತು. ಎರಿ ಹತ್ತಿರ ಹತ್ತಿರ ಮೂರಡಿ ಅಗಲ. ಇಷ್ಟು ದಿನದಲ್ಲಿ ಒಬ್ಬರಿಗೂ ಕಚ್ಚಿರಲಿಲ್ಲ. ಯಾರೋ ಗ್ರೂಪಿಗೆ ಹೆಜ್ಜೇನು ದಾಳಿಯ ವಿಡಿಯೋ ಹಾಕಿದ್ರು ನೋಡಿ, ಅಲ್ಲಿಗೆ ಮುಗೀತು. ನಿನ್ನೆ ರಾತ್ರಿ ಇಬ್ಬರು ಬಂದು ಔಷಧಿ ಹೊಡೆದು ಹೋದ್ರು. ಬೆಳಗ್ಗೆ ಕೆಳಗಿಳಿದರೆ ಪಾರ್ಕಿಂಗ್ ತುಂಬಾ ನೊಣ. ಕೆಲವು ಸತ್ತಿರಲಿಲ್ಲ, ಬೆನ್ನ ಮೇಲೆ ಬಿದ್ದು ಗಿರಗಿರ ತಿರುಗ್ತಿದ್ದವು. ಗುಡಿಸೋರು ಎರಡು ಮೊರ ತುಂಬಿ ಎಸೆದರು.

ಎಂಟು ವರ್ಷದ ಮಗಳು ನೋಡ್ತಾ ನಿಂತಿದ್ದಳು. "ಜೇನ್ನೊಣ ಎಲ್ಲಾ ಸತ್ರೆ ನಾವೂ ನಾಲ್ಕು ವರ್ಷದಲ್ಲಿ ಸಾಯ್ತೀವಂತೆ, ಐನ್‌ಸ್ಟೈನ್ ಹೇಳಿದ್ದಾರಂತೆ, ಹೌದಾ?" ಅಂದಳು. ಸುಮ್ಮನೆ ಮೇಲೆ ಕರ್ಕೊಂಡು ಬಂದೆ.

ಇದು ನಿಜವಾ? ಜೇನ್ನೊಣ ಮುಗೀತಾ ಬಂತಾ? ತಾರಸಿ ಮೇಲೆ ಒಂದು ಜೇನುಪೆಟ್ಟಿಗೆ ಇಡೋಣ ಅಂತ ಯೋಚನೆ ಬಂದಿದೆ. ಈ ತಪ್ಪಿಗೆ ಅದು ಸ್ವಲ್ಪವಾದ್ರೂ ಪರಿಹಾರ ಆಗುತ್ತಾ?

ಚುಟುಕ · 8:20

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ.

ಲೆಕ್ಕದಮೇಷ್ಟ್ರು · 8:47

ಮೊದಲು ಮಗುವಿಗೆ ಉತ್ತರ. ಐನ್‌ಸ್ಟೈನ್ ಹಾಗೆ ಬರೆದದ್ದಾಗಲಿ ಹೇಳಿದ್ದಾಗಲಿ ಎಲ್ಲೂ ಸಿಕ್ಕಿಲ್ಲ. ಅವರು ತೀರಿಕೊಂಡದ್ದು 1955ರಲ್ಲಿ, ಮಾತು ಅವರ ಹೆಸರಿಗೆ ಅಂಟಿಕೊಂಡದ್ದು ಆಮೇಲೆ. ಮಾತಿನಲ್ಲಿ ಹುರುಳೂ ಇಲ್ಲ. ಅಕ್ಕಿ, ಗೋಧಿ, ಜೋಳ ಎಲ್ಲವೂ ಹುಲ್ಲಿನ ಜಾತಿಯವು. ಅವುಗಳ ಪರಾಗವನ್ನು ಗಾಳಿ ಒಯ್ಯುತ್ತದೆ, ಇಲ್ಲವೇ ಹೂವು ತನ್ನಲ್ಲೇ ಕಟ್ಟಿಕೊಳ್ಳುತ್ತದೆ. ಹೊಟ್ಟೆ ತುಂಬಿಸುವ ಕಾಳಿಗೆ ಜೇನ್ನೊಣ ಬೇಕಿಲ್ಲ.

ಹಾಗಂತ ನಿಟ್ಟುಸಿರು ಬಿಡಬೇಡಿ. 2016ರಲ್ಲಿ ವಿಶ್ವಸಂಸ್ಥೆಯ ಬೆಂಬಲವಿರುವ ಜೀವವೈವಿಧ್ಯ ವೇದಿಕೆ ಪರಾಗಸ್ಪರ್ಶದ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ನೂರಕ್ಕೆ 75ರಷ್ಟು ಬಗೆಗಳು ಸ್ವಲ್ಪವಾದರೂ ಕೀಟ, ಹಕ್ಕಿ, ಬಾವಲಿಗಳನ್ನು ನಂಬಿವೆ. ತೂಕದ ಲೆಕ್ಕಕ್ಕೆ ಬಂದರೆ ಒಟ್ಟು ಬೆಳೆಯ 35%. ಹಣ್ಣು, ತರಕಾರಿ, ಎಣ್ಣೆಕಾಳು, ಬಾದಾಮಿ, ಕಾಫಿ, ಕೋಕೋ ಇವೆಲ್ಲ ಆ ಕಡೆಯವು. ನೊಣ ಹೋದರೆ ಉಪವಾಸ ಸಾಯುವುದಿಲ್ಲ. ತಟ್ಟೆಯಲ್ಲಿ ಬಣ್ಣ ಉಳಿಯುವುದಿಲ್ಲ, ಮೈಗೆ ಬೇಕಾದ ಜೀವಸತ್ವ ಸಿಗುವುದಿಲ್ಲ. ಅಷ್ಟನ್ನು ಹೇಳಿ ಮಗುವಿಗೆ.

ಅನುಮಾನಪ್ಪ · 9:05

ಎಲ್ಲಾ ಮೊಬೈಲ್ ಟವರ್ ಮಹಿಮೆ ಸ್ವಾಮಿ. ಟವರ್ ಬಂದ ಮೇಲೆ ಗುಬ್ಬಿ ಹೋಯ್ತು, ಈಗ ಜೇನು. ಯಾರೂ ಬಾಯಿ ಬಿಡಲ್ಲ.

ಚುಟುಕ · 9:06

ಬಾಯಿ ಬಿಡ್ತಿದೀರಲ್ಲ, ಅದೂ ಮೊಬೈಲಲ್ಲೇ.

ಹಳೇಪೆಟ್ಟಿಗೆ · 9:31

ಇಪ್ಪತ್ತು ವರ್ಷದಿಂದ ಜೇನು ಸಾಕ್ತಿದೀನಿ. ಟವರ್ ಬುಡದಲ್ಲೇ ಒಂದು ಕಾಲಕ್ಕೆ ಹನ್ನೆರಡು ಪೆಟ್ಟಿಗೆ ಇಟ್ಟಿದ್ದೆ, ಚೆನ್ನಾಗೇ ಇದ್ವು. ಒಬ್ಬನ ಅನುಭವ ಪುರಾವೆ ಆಗಲ್ಲ ಅಂತ ಮೇಷ್ಟ್ರು ಈಗ ಹೇಳ್ತಾರೆ, ಒಪ್ಪಿದೆ. ನಾನು ಕಳ್ಕೊಂಡ ಜೇನು ಸಂಸಾರಗಳು (ಒಂದು ಗೂಡಿನ ಜೇನಿಗೆ ಸಂಸಾರ ಅಂತೀವಿ) ಯಾವುದರಿಂದ ಹೋದವು ಅನ್ನೋದು ಮಾತ್ರ ಗೊತ್ತು. ಅರ್ಧ ರೋಗ, ಕಾಲು ಭಾಗ ಪಕ್ಕದ ತೋಟದ ಸಿಂಪರಣೆ, ಉಳಿದದ್ದು ನನ್ನ ಪೆದ್ದುತನ.

ಮೂರನೇಮಹಡಿಯವ್ರೇ, ಪೆಟ್ಟಿಗೆ ವಿಷಯ ಆಮೇಲೆ. ಒಂದು ಮುಖ್ಯವಾದ್ದು: ಹೊಡೆದೋರು ಎರಿ ಏನು ಮಾಡಿದ್ರು?

ಮೂರನೇಮಹಡಿ · 9:40

ಬಕೆಟ್‌ನಲ್ಲಿ ಹಾಕ್ಕೊಂಡು ಹೋದ್ರು ಸರ್. ಮೇಲ್ಭಾಗದಲ್ಲಿ ತುಪ್ಪ ತುಂಬಾ ಇತ್ತು ಅಂತಿದ್ರು.

ಹಳೇಪೆಟ್ಟಿಗೆ · 9:44

ಅದನ್ನೇ ಅಂದ್ಕೊಂಡೆ. ನೊಣ ಸಾಯೋ ಔಷಧಿ ಬಿದ್ದ ತುಪ್ಪ ಅದು. ಯಾರೋ ಶುದ್ಧ ಕಾಡುಜೇನು ಅಂತ ಚಮಚದಲ್ಲಿ ತಗೊಂಡು ಮಗುಗೆ ನೆಕ್ಕಿಸ್ತಾರೆ. ನಿಮ್ಮ ಸಂಘದವ್ರಿಗೆ ಇದನ್ನ ಹೇಳಿ. ನೊಣದ ಮೇಲೆ ಕರುಣೆ ಹುಟ್ಟದೋರಿಗೂ ಇದು ನಾಟುತ್ತೆ.

ಸಿಡಿಮಿಡಿ · 10:15

ಎಲ್ಲರೂ ನೊಣಕ್ಕೇ ಕಣ್ಣೀರು ಹಾಕ್ತಿದೀರ, ನಾನೊಂದು ಹೇಳ್ತೀನಿ. ನಮ್ಮಪ್ಪಂಗೆ ಹೆಜ್ಜೇನು ಬಿದ್ದಿತ್ತು. ಡಾಕ್ಟರು ಮೈಯಿಂದ ಅರವತ್ತಕ್ಕೂ ಹೆಚ್ಚು ಮುಳ್ಳು ತೆಗೆದ್ರು. ಐಸಿಯುನಲ್ಲಿ ನಾಲ್ಕು ದಿನ. ಬದುಕಿದ್ರು, ಅದು ನಮ್ಮ ಪುಣ್ಯ. ಆರನೇ ಮಹಡಿಯಲ್ಲಿ ಕಿಟಕಿ ಪಕ್ಕ ತೊಟ್ಟಿಲಿದ್ದರೆ ನೀವು ಏನು ಮಾಡ್ತಿದ್ರಿ? ಔಷಧಿ ಹೊಡೆಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಬೈಯೋರು ಬೈಯಬಹುದು.

ಕರಿದುಂಬಿ · 10:38

ಸಿಡಿಮಿಡಿಯವರೇ, ಬೈಯಲ್ಲ. ಹೆಜ್ಜೇನಿಗೆ ಹೆದರದವರು ಅದನ್ನು ನೋಡಿಲ್ಲ ಅಂತ ಅರ್ಥ.

ಆದರೆ ಅದರ ಜಾಯಮಾನ ತಿಳಿದರೆ ದಾರಿ ಬೇರೆ ಇದೆ ಮಾರಾಯ್ರೆ. ಹೆಜ್ಜೇನು ಒಂದೇ ಕಡೆ ವರ್ಷಪೂರ್ತಿ ಕೂರುವುದಿಲ್ಲ. ಹೂವಿನ ಕಾಲ ಮುಗಿದರೆ ಸಂಸಾರ ಸಮೇತ ಎದ್ದು ಹೋಗುತ್ತದೆ, ಕೆಲವು ಸಲ ನೂರು ಕಿಲೋಮೀಟರಿಗೂ ದೂರ. ಸೋಜಿಗ ಏನೆಂದರೆ ತಿಂಗಳುಗಳ ನಂತರ ಅದೇ ಸಂಸಾರ ಅದೇ ಕೊಂಬೆಗೆ, ಅದೇ ಸಜ್ಜಾಕ್ಕೆ ಮರಳಿ ಬಂದದ್ದನ್ನು ವಂಶವಾಹಿ ಪರೀಕ್ಷೆಯಲ್ಲಿ ಕಂಡಿದ್ದಾರೆ. ಹೋದ ಕೆಲಸಗಾರ ನೊಣಗಳು ಅಷ್ಟರಲ್ಲಿ ಸತ್ತಿರುತ್ತವೆ, ವಿಳಾಸ ಯಾರು ನೆನಪಿಟ್ಟುಕೊಂಡರೋ!

ಎರಡು ತಿಂಗಳು ಕೂತಿದೆ ಅಂದರೆ ಇನ್ನೂ ಕೆಲವು ವಾರವೋ ತಿಂಗಳೋ ಕಾದಿದ್ದರೆ ಅದೇ ಹೋಗುತ್ತಿತ್ತು. ಆಮೇಲೆ ಖಾಲಿ ಎರಿ ತೆಗೆದು ಆ ಜಾಗಕ್ಕೆ ಬಲೆ ಕಟ್ಟಿದರೆ ಮತ್ತೆ ಬರುವುದಿಲ್ಲ. ಅಲ್ಲಿಯವರೆಗೆ ಆ ಸಜ್ಜಾದ ಹತ್ತಿರದ ಮನೆಯವರು ಕಿಟಕಿ ಮುಚ್ಚಿಟ್ಟು, ರಾತ್ರಿ ಬಾಲ್ಕನಿ ದೀಪ ಆರಿಸಬೇಕಿತ್ತು. ಅಷ್ಟೇ.

ಸಿಡಿಮಿಡಿ · 10:50

ದೀಪ ಯಾಕೆ?

ಕರಿದುಂಬಿ · 11:02

ಹೆಜ್ಜೇನು ಬೆಳದಿಂಗಳಲ್ಲೂ ಹೂವಿಗೆ ಹೋಗುತ್ತದೆ. ಕತ್ತಲಲ್ಲಿ ಹಾರುವ ಅಭ್ಯಾಸ ಇರುವುದರಿಂದ ದೀಪ ಕಂಡರೆ ಅತ್ತ ಎಳೆದುಕೊಂಡು ಹೋಗುತ್ತದೆ. ಸಂಜೆ ಟ್ಯೂಬ್‌ಲೈಟಿಗೆ ಡಿಕ್ಕಿ ಹೊಡೆದು ಬೆಳಗ್ಗೆ ನೆಲದಲ್ಲಿ ಸತ್ತು ಬಿದ್ದಿರುತ್ತವಲ್ಲ, ಅವೇ. ಮನೆಯೊಳಗೆ ಬಂದು ಕಚ್ಚುವುದೂ ಹೆಚ್ಚಾಗಿ ಹೀಗೇ, ಕಾಲಡಿ ಸಿಕ್ಕಿ. ಅದು ದಾಳಿಯಲ್ಲ.

ರಾತ್ರಿಪಾಳಿ · 11:10

ಅಯ್ಯೋ ಹೌದು! ನಮ್ಮ ಆಫೀಸಿನ ವಾಚ್‌ಮನ್ ರೂಮಿನ ದೀಪದ ಕೆಳಗೆ ದಿನಾ ಒಂದು ಹಿಡಿ ಬಿದ್ದಿರ್ತಿದ್ವು. ಯಾರೋ ಮಾಟ ಮಾಡಿದಾರೆ ಅಂತ ಆತ ಹೆದರಿದ್ದ.

ಹಳೇಪೆಟ್ಟಿಗೆ · 11:26

ಎಲ್ಲರೂ ಓದ್ತಿದೀರ ಅಂತ ಹೇಳಿಬಿಡ್ತೀನಿ. ಒಂದು ನೊಣ ಕಚ್ಚಿದರೆ ಮುಳ್ಳಿನ ಜೊತೆ ಒಂದು ವಾಸನೆ ಬಿಡುತ್ತೆ, ಮಾಗಿದ ಬಾಳೆಹಣ್ಣಿನ ಥರ. "ಇಲ್ಲಿದಾನೆ, ಬನ್ನಿ" ಅಂತ ಉಳಿದವಕ್ಕೆ ಕರೆ ಅದು. ಕೈ ಬೀಸಬೇಡಿ, ನಿಂತ ಜಾಗದಲ್ಲಿ ಕುಣೀಬೇಡಿ. ಮುಖ ಮುಚ್ಕೊಂಡು ಓಡಿ, ಬಾಗಿಲಿರೋ ಕೋಣೆ ಸೇರಿ. ಮುಳ್ಳನ್ನ ಉಗುರಲ್ಲೋ ಬೆರಳಲ್ಲೋ ಆದಷ್ಟು ಬೇಗ ತೆಗೀರಿ. ಹೀಗೆ ತೆಗೀಬೇಕು ಹಾಗೆ ತೆಗೀಬಾರದು ಅಂತ ತಡ ಮಾಡಿದಷ್ಟೂ ವಿಷ ಇಳೀತಾ ಹೋಗುತ್ತೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ ಒಂದೇ ನೊಣ ಕಚ್ಚಿದ್ರೂ ಆಸ್ಪತ್ರೆಗೆ ಓಡಬೇಕು.

ಸಿಡಿಮಿಡಿ ಅವ್ರೇ, ಅಪ್ಪಾಜಿ ಈಗ ಹೇಗಿದಾರೆ?

ಸಿಡಿಮಿಡಿ · 11:33

ಚೆನ್ನಾಗಿದ್ದಾರೆ. ಜೇನು ಅಂದ್ರೆ ಮಾತ್ರ ಮುಖ ಕಿವುಚ್ತಾರೆ.

ಲೆಕ್ಕದಮೇಷ್ಟ್ರು · 12:20

ಎರಡನೇ ಪ್ರಶ್ನೆ ಹಾಗೇ ಉಳಿಯಿತು: ಮುಗಿದು ಹೋಗುತ್ತಿವೆಯೇ? "ಜೇನ್ನೊಣ" ಅಂದಾಗ ಯಾವುದು ಅನ್ನುವುದರ ಮೇಲಿದೆ.

ಪೆಟ್ಟಿಗೆಯಲ್ಲಿ ಸಾಕುವ ಜೇನು ಜಗತ್ತಿನ ಲೆಕ್ಕದಲ್ಲಿ ಕಡಿಮೆಯಾಗಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ 1961ರಿಂದ ಇದೆ. ಅಂದಿನಿಂದ ಇಂದಿಗೆ ಪೆಟ್ಟಿಗೆಗಳು ಹೆಚ್ಚಿವೆ, ಈಗ ಹತ್ತಿರ ಹತ್ತಿರ 10 ಕೋಟಿ.

ಅನುಮಾನಪ್ಪ · 12:31

ಹಾಗಾದ್ರೆ ಇಷ್ಟು ವರ್ಷ ಪೇಪರಿನವರು ಬರೆದಿದ್ದೆಲ್ಲಾ ಸುಳ್ಳಾ? ನೊಣ ಸಾಯ್ತಿದೆ ನೊಣ ಸಾಯ್ತಿದೆ ಅಂತ ಬಾಯಿ ಬಡ್ಕೊಂಡ್ರಲ್ಲ. ಅಮೆರಿಕದಲ್ಲಿ ಅರ್ಧಕ್ಕರ್ಧ ಹೋಗಿದೆ ಅಂತ ನಾನೇ ಓದಿದೀನಿ.

ಲೆಕ್ಕದಮೇಷ್ಟ್ರು · 12:58

ಅನುಮಾನಪ್ಪನವರೇ, ಈ ಸಲ ನಿಮ್ಮ ಮಾತು ಸರಿ. ಅಮೆರಿಕದಲ್ಲಿ 1940ರ ದಶಕದ ಕೊನೆಯಲ್ಲಿ ಸುಮಾರು 59 ಲಕ್ಷ ಸಂಸಾರ ಇದ್ದವು, 2008ರ ಹೊತ್ತಿಗೆ 23 ಲಕ್ಷದ ಆಸುಪಾಸು. ಅಲ್ಲಿ ಇಳಿಯಿತು, ಏಷ್ಯಾ ಮತ್ತು ಇತರ ಕಡೆ ಏರಿತು. ಎರಡೂ ನಿಜ.

2006ರ ಕೊನೆಗೆ ಅಲ್ಲಿ ಶುರುವಾದದ್ದು ಇನ್ನೊಂದು ವಿಚಿತ್ರ. ಪೆಟ್ಟಿಗೆ ತೆಗೆದರೆ ರಾಣಿ ಇದೆ, ಮರಿ ಇದೆ, ತುಪ್ಪ ಇದೆ, ದುಡಿಯುವ ನೊಣಗಳೇ ಇಲ್ಲ. ಹೆಣವೂ ಇಲ್ಲ. ಅದರ ಸುದ್ದಿಯೇ ಜಗತ್ತೆಲ್ಲ ಹರಡಿದ್ದು. ಮೂರನೇಮಹಡಿಯವರು ಕಂಡದ್ದು ಅದಲ್ಲ. ರಾಶಿ ಹೆಣ, ಗಿರಗಿರ ತಿರುಗುವುದು, ಇದು ನೇರ ವಿಷ.

ಹಳೇಪೆಟ್ಟಿಗೆ · 1:35

ಮೇಷ್ಟ್ರೇ, ನಿಮ್ಮ 10 ಕೋಟಿ ಲೆಕ್ಕದಲ್ಲಿ ಒಂದು ಗುಟ್ಟಿದೆ, ಸಾಕೋರಿಗೆ ಮಾತ್ರ ಗೊತ್ತು.

ನನ್ನ ಹತ್ರ ಹತ್ತು ಪೆಟ್ಟಿಗೆ ಇದೆ ಅಂದ್ಕೊಳ್ಳಿ. ಈ ವರ್ಷ ನಾಲ್ಕು ಸತ್ತವು. ಮುಂದಿನ ಹೂವಿನ ಕಾಲಕ್ಕೆ ಉಳಿದ ಆರರಲ್ಲಿ ನಾಲ್ಕನ್ನ ಪಾಲು ಮಾಡ್ತೀನಿ, ಮತ್ತೆ ಹತ್ತು. ಎಣಿಸೋಕೆ ಬಂದ ಅಧಿಕಾರಿ ಹೋದ ವರ್ಷ ಹತ್ತು, ಈ ವರ್ಷ ಹತ್ತು ಅಂತ ಬರ್ಕೊಂಡು ಹೋಗ್ತಾನೆ. ಸತ್ತ ನಾಲ್ಕು ಯಾವ ಪುಸ್ತಕದಲ್ಲೂ ಇಲ್ಲ. ಪಾಲು ಮಾಡಿದ ಸಂಸಾರ ಆ ವರ್ಷ ಸರಿಯಾಗಿ ತುಪ್ಪ ಕೊಡಲ್ಲ. ಹೊಸ ರಾಣಿ ಏಳಬೇಕು, ಸಕ್ಕರೆ ನೀರು ಇಡಬೇಕು, ನಾನು ರಾತ್ರಿ ನಿದ್ದೆ ಕೆಡಬೇಕು. ಸಂಖ್ಯೆ ನಿಂತಲ್ಲೇ ನಿಂತಿದೆ ಅಂದ್ರೆ ಅದನ್ನ ಹಿಂದಿನಿಂದ ಯಾರೋ ತಳ್ತಿದಾರೆ ಅಂತ ಅರ್ಥ.

ಲೆಕ್ಕದಮೇಷ್ಟ್ರು · 1:49

ಇದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ. 2024ರ ಜೂನ್‌ನಿಂದ 2025ರ ಮಾರ್ಚ್ ನಡುವೆ ಅಮೆರಿಕದ ದೊಡ್ಡ ಜೇನು ಸಾಕಣೆಗಾರರು ಸರಾಸರಿ 60%ಗೂ ಹೆಚ್ಚು ಸಂಸಾರ ಕಳೆದುಕೊಂಡರು. ಕೃಷಿ ಇಲಾಖೆಯ ಪ್ರಯೋಗಾಲಯ ಪರೀಕ್ಷಿಸಿದಾಗ ಸಿಕ್ಕದ್ದು ವೈರಸ್. ಅದನ್ನು ಹೊತ್ತು ತಂದದ್ದು ಔಷಧಿಗೆ ಬಗ್ಗದ ನುಸಿ.

ರಾತ್ರಿಪಾಳಿ · 1:55

ಯಾವ ನುಸಿ?

ಹಳೇಪೆಟ್ಟಿಗೆ · 2:30

ವರೋವಾ. ಕೆಂಪು ಮಿಶ್ರಿತ ಕಂದು ಬಣ್ಣ, ಸಾಸಿವೆ ಕಾಳಿನಷ್ಟೂ ಇಲ್ಲ. ನಮ್ಮ ಮೈ ಲೆಕ್ಕದಲ್ಲಿ ಬೆನ್ನಿಗೆ ಒಂದು ತಟ್ಟೆ ಅಂಟಿಕೊಂಡ ಹಾಗೆ. ಮುಚ್ಚಿದ ಕಣದೊಳಗೆ ಮರಿಯ ಮೇಲೆ ಕೂತು ಮೊಟ್ಟೆ ಇಡುತ್ತೆ. ರಕ್ತ ಹೀರುತ್ತೆ ಅಂತ ಬಹಳ ಕಾಲ ಅಂದ್ಕೊಂಡಿದ್ರು, 2019ರಲ್ಲಿ ಗೊತ್ತಾಯ್ತು, ತಿನ್ನೋದು ಒಳಗಿನ ಕೊಬ್ಬಿನ ಅಂಗಾಂಶ, ನಮಗೆ ಪಿತ್ತಜನಕಾಂಗ ಇದ್ದ ಹಾಗೆ ಅದು. ಬೆಳೆದು ಬಂದ ನೊಣಕ್ಕೆ ರೆಕ್ಕೆ ಮುರುಟಿರುತ್ತೆ, ಬಾಗಿಲಲ್ಲಿ ತೆವಳ್ತಾ ಇರುತ್ತೆ. ಅದನ್ನ ನೋಡೋಕಾಗಲ್ಲ.

ಈ ನುಸಿ ಮೂಲದಲ್ಲಿ ಏಷ್ಯಾದ ತುಡುವೆ ಜೇನಿನದು. ತುಡುವೆಗೂ ಅದಕ್ಕೂ ಸಾವಿರಾರು ವರ್ಷದ ಒಡನಾಟ. ತುಡುವೆ ಒಂದರ ಮೈ ಇನ್ನೊಂದು ಉಜ್ಜಿ ನುಸಿ ಕಿತ್ತೆಸೆಯುತ್ತೆ. ನುಸಿ ಹೆಚ್ಚಾಗಿ ಗಂಡು ಮರಿಗಳಲ್ಲೇ ಹುಟ್ಟಿ ಬೆಳೆಯುತ್ತೆ, ಹಾಗಾಗಿ ಸಂಸಾರ ಉಳಿಯುತ್ತೆ. ನಾವು ಮಧ್ಯೆ ಹೋಗಿ ಯುರೋಪಿನ ಜೇನನ್ನ ತಂದು ಪಕ್ಕ ಇಟ್ಟೆವು, ನುಸಿ ಅದಕ್ಕೆ ದಾಟ್ತು. ಆಮೇಲೆ ಪೆಟ್ಟಿಗೆ, ರಾಣಿ ಅಂತ ದೇಶದಿಂದ ದೇಶಕ್ಕೆ ಸಾಗಿಸಿದೆವು. ಜೇನು ಸಾಕೋ ದೊಡ್ಡ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದೇ ಬಹಳ ವರ್ಷ ತಪ್ಪಿಸ್ಕೊಂಡಿತ್ತು. 2022ರಲ್ಲಿ ನ್ಯೂಕ್ಯಾಸಲ್ ಬಂದರಲ್ಲಿ ಸಿಕ್ತು. ಸಾವಿರಾರು ಪೆಟ್ಟಿಗೆ ಕೊಂದು ಸುಟ್ಟರು, 2023ರ ಸೆಪ್ಟೆಂಬರ್‌ನಲ್ಲಿ ಇನ್ನಾಗಲ್ಲ ಅಂತ ಕೈಚೆಲ್ಲಿದ್ರು.

ನನ್ನ ಪೆದ್ದುತನ ಅಂದೆನಲ್ಲ, ಅದೂ ಹೇಳ್ಬಿಡ್ತೀನಿ. ಮೊದಲ ವರ್ಷ ಖುಷಿಗೆ ದಿನಾ ಪೆಟ್ಟಿಗೆ ತೆರೆದು ನೋಡ್ತಿದ್ದೆ. ಒಳಗೆ ಮರಿ ಇರೋ ಕಡೆ 34-35 ಡಿಗ್ರಿ ಶಾಖ ಕಾಪಾಡೋಕೆ ಅವು ಜೀವ ತೇಯ್ತಿರ್ತವೆ, ನಾನು ದಿನಾ ಹೋಗಿ ಮುಚ್ಚಳ ಎತ್ತಿ ಗಾಳಿ ಬಿಡೋನು. ಹದಿನೆಂಟನೇ ದಿನ ಬೆಳಗ್ಗೆ ಪೆಟ್ಟಿಗೆ ಖಾಲಿ. ತುಡುವೆ ಮುನಿಸಿಕೊಂಡರೆ ಹೇಳಿ ಹೋಗಲ್ಲ.

ಚುಟುಕ · 2:34

ನಮ್ಮನೆ ಬಾಡಿಗೆಯವರೂ ಹಾಗೇ ಹೋದ್ರು. ಓನರ್ ದಿನಾ ಇಣುಕ್ತಿದ್ದ.

ಹೊಲದವ · 4:10

ಎಲ್ಲಾ ಓದೀನ್ರಿ. ರೈತರಿಗೆ ಬೈಯೋದು ಇನ್ನೂ ಯಾಕ ಶುರು ಆಗಿಲ್ಲ ಅಂತ ಕಾಯಾಕತ್ತಿದ್ದೆ. ಅದಕ್ಕ ಮದಲ ನಾನ ಬರ್ದೀನಿ.

ಔಷಧಿ ಹೊಡಿಲಿಲ್ಲ ಅಂದ್ರ ಹುಳ ನಮ್ಮನ್ನ ತಿಂತಾವ, ಹೊಡದ್ರ ನೀವು ತಿಂತೀರಿ. ನಾವು ಜೇನಿನ ಮ್ಯಾಲ ಸಿಟ್ಟಿಲೆ ಹೊಡಿಯಂಗಿಲ್ರಿ. ಅಂಗಡ್ಯಾಂವ ಕೊಟ್ಟಿದ್ದು ಹೊಡೀತೀವಿ. ಬಾಟ್ಲಿ ಮ್ಯಾಗಿನ ಅಕ್ಷರ ಸಣ್ಣಾವು, ಯಾವ ಹೊತ್ತಿನ್ಯಾಗ ಹೊಡೀಬೇಕು ಅಂತ ಹೇಳಾಕ ಯಾರೂ ಬಂದಿಲ್ಲ. ಮೂರು ವರ್ಷದ ಹಿಂದ ಸೂರ್ಯಕಾಂತಿ ಹೂ ಅರಳಿದಾಗ ಮುಂಜಾನೆ ಹೊಡದೆ. ಕಾಳ ಕಟ್ಟಲಿಲ್ಲ. ತೆನಿ ದೊಡ್ಡದು, ಒಳಗ ಜೊಳ್ಳ. ಆವಾಗ ತಿಳೀತು ನಾನು ಯಾರನ್ನ ಕೊಂದೀನಿ ಅಂತ. ಈಗ ಹೂ ಇದ್ದಾಗ ಹೊಡಿಯೋದು ಬಿಟ್ಟೀನಿ, ತೀರಾ ಬೇಕಾದ್ರ ಹೊತ್ತು ಮುಳುಗಿದ ಮ್ಯಾಲ.

ಕರಿದುಂಬಿ · 4:26

ಅಣ್ಣಾ, ಇಲ್ಲಿಯವರೆಗೆ ಬಂದ ಮಾತುಗಳಲ್ಲಿ ಇದೇ ತೂಕದ್ದು.

ಲೆಕ್ಕದಮೇಷ್ಟ್ರು · 4:55

ಹೊತ್ತು ಮುಳುಗಿದ ಮೇಲೆ ಹೊಡೆಯುವುದು ಒಳ್ಳೆಯದೇ. ಆದರೆ ಒಂದು ಬಗೆಯ ಔಷಧಿಗೆ ಅದೂ ಸಾಲದು. ನಿಯೋನಿಕೋಟಿನಾಯ್ಡ್ ಗುಂಪಿನವನ್ನು ಬೀಜಕ್ಕೇ ಲೇಪಿಸುತ್ತಾರೆ. ಗಿಡ ಬೆಳೆದಂತೆ ಅದು ರಸದಲ್ಲಿ ಸೇರಿ ಪರಾಗಕ್ಕೂ ಮಕರಂದಕ್ಕೂ ಬರುತ್ತದೆ. ಸಿಂಪರಣೆಯೇ ಇಲ್ಲ, ಹೊತ್ತು ನೋಡುವುದೆಲ್ಲಿ ಬಂತು?

2008ರಲ್ಲಿ ಜರ್ಮನಿಯ ರೈನ್ ಕಣಿವೆಯಲ್ಲಿ ಲೇಪಿಸಿದ ಮೆಕ್ಕೆಜೋಳದ ಬೀಜ ಬಿತ್ತುವಾಗ ಯಂತ್ರದಿಂದ ಪುಡಿ ಹಾರಿ ಪಕ್ಕದ ಹೂಗಳ ಮೇಲೆ ಕೂತು ಹನ್ನೊಂದು ಸಾವಿರಕ್ಕೂ ಹೆಚ್ಚು ಸಂಸಾರಗಳು ಹಾನಿಗೊಳಗಾದವು. ಕೊಲ್ಲದ ಪ್ರಮಾಣವೂ ಕೆಟ್ಟದ್ದೇ. 2012ರಲ್ಲಿ ಫ್ರಾನ್ಸಿನ ಸಂಶೋಧಕರು ನೊಣಗಳ ಬೆನ್ನಿಗೆ ಪುಟ್ಟ ರೇಡಿಯೋ ಗುರುತು ಅಂಟಿಸಿ, ಸ್ವಲ್ಪವೇ ಔಷಧಿ ಕುಡಿಸಿ ದೂರ ಬಿಟ್ಟರು. ಬಹಳಷ್ಟು ಮನೆ ಹುಡುಕಿಕೊಳ್ಳಲಾಗದೆ ಕಳೆದುಹೋದವು. ಯುರೋಪಿನ ಒಕ್ಕೂಟ 2013ರಲ್ಲಿ ಮೂರು ಔಷಧಿಗಳಿಗೆ ಕಡಿವಾಣ ಹಾಕಿ, 2018ರಲ್ಲಿ ಬಯಲಿನಲ್ಲಿ ಬಳಸುವುದನ್ನೇ ನಿಷೇಧಿಸಿತು.

ಹೊಲದವ · 5:08

ಅಂದ್ರ ನನ್ನ ಬೀಜದ ಮ್ಯಾಲಿನ ಆ ಬಣ್ಣ?

ಲೆಕ್ಕದಮೇಷ್ಟ್ರು · 5:15

ಬಣ್ಣ ಹಾಕುವುದು ಲೇಪನ ಇದೆ ಎಂದು ಗುರುತು ಸಿಗಲಿ ಅಂತ. ಯಾವ ಔಷಧಿ ಅನ್ನುವುದು ಚೀಲದ ಮೇಲಿರುತ್ತದೆ. ಫೋಟೋ ಹಾಕಿ, ಓದಿ ಹೇಳುತ್ತೇನೆ.

ಸುಮ್ನೆಓದ್ತೀನಿ · 5:40

ಒಂದು ಡೌಟು, ಬೆಂಕಿಕಡ್ಡಿ ತುಪ್ಪದಲ್ಲಿ ಅದ್ದಿ ಗೀರಿದಾಗ ಹೊತ್ತಿದರೆ ಅಸಲಿ ಅಂತಾರಲ್ಲ, ಹೌದಾ?

ಹಳೇಪೆಟ್ಟಿಗೆ · 5:44

ಸುಳ್ಳು. ನೀರಲ್ಲಿ ಮುಳುಗೋದು, ನಾಯಿ ನೆಕ್ಕಲ್ಲ ಅನ್ನೋದು, ಎಲ್ಲಾ ಸುಳ್ಳು. ಗಟ್ಟಿ ಸಕ್ಕರೆ ಪಾಕವೂ ನೀರಲ್ಲಿ ಮುಳುಗುತ್ತೆ. ಗೊತ್ತಾಗೋದು ಪ್ರಯೋಗಾಲಯದಲ್ಲಿ.

ಸುಮ್ನೆಓದ್ತೀನಿ · 5:46

ಹರಳುಗಟ್ಟಿದರೆ ಸಕ್ಕರೆ ಬೆರೆಸಿದಾರೆ ಅಂತಲ್ವಾ?

ಹಳೇಪೆಟ್ಟಿಗೆ · 5:47

ಅಲ್ಲ! ಅಸಲಿಯೂ ಗಟ್ಟಿಯಾಗುತ್ತೆ.

ನಿರ್ವಾಹಕ · 5:50

ತುಪ್ಪದ ಪರೀಕ್ಷೆಗೆ ಬೇರೆ ಎಳೆ ತೆರೆಯಿರಿ ದಯವಿಟ್ಟು. ಇಲ್ಲಿ ನೊಣದ ವಿಷಯ ಮಾತ್ರ.

ಚುಟುಕ · 5:51

ಮೊದಲು "ನೊಣ" ಅನ್ನೋದನ್ನ ಬಿಡ್ಬೇಕು. ನೊಣ ಅಂದ ಕೂಡ್ಲೇ ಹೊಡಿಯೋಕೆ ಕೈ ಏಳುತ್ತೆ. ಜೇನುಹುಳ ಅನ್ನಿ.

ಕರಿದುಂಬಿ · 6:02

ಹುಳ ಅಂದರೆ ಔಷಧಿ ಬಾಟಲಿಗೆ ಕೈ ಏಳುತ್ತದೆ. ನಾವು ಬರೀ "ಜೇನು" ಅನ್ನುವುದು. ಗೂಡೂ ಜೇನು, ತುಪ್ಪವೂ ಜೇನು, ಹಾರುವುದೂ ಜೇನು.

ಈಗ ಪೆಟ್ಟಿಗೆ ವಿಷಯ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ ನಾನು ಯಾರ ಪಕ್ಷ ಅಂತ. ಜಗತ್ತಿನಲ್ಲಿ ಜೇನಿನ ಬಳಗ 20,000ಕ್ಕೂ ಹೆಚ್ಚು ಜಾತಿ. ತುಪ್ಪ ಕೂಡಿಡುವವು ಅದರಲ್ಲಿ ಬೆರಳೆಣಿಕೆಯ ಗುಂಪು. ಮಿಕ್ಕವು ಹೆಚ್ಚಿನವು ಒಂಟಿ. ರಾಣಿ ಇಲ್ಲ, ಪೆಟ್ಟಿಗೆ ಇಲ್ಲ, ಸುದ್ದಿಯಂತೂ ಇಲ್ಲವೇ ಇಲ್ಲ. ಹತ್ತರಲ್ಲಿ ಏಳು ಪಾಲು ನೆಲದಲ್ಲಿ ತೂತು ಕೊರೆದು ಮೊಟ್ಟೆ ಇಡುತ್ತವೆ. ನಾವು ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿ, ಹೊರಗಿನ ಹುಲ್ಲುಹಾಸಿನ ಮೇಲೆ ಒಂದು ಬೋರ್ಡು ನೆಟ್ಟು ಪರಿಸರ ಉಳಿಸಿ ಅನ್ನುತ್ತೇವೆ.

ಟೊಮೇಟೊ ಹೂವನ್ನು ನೋಡಿ. ಅದರ ಪರಾಗ ಉಪ್ಪಿನ ಡಬ್ಬಿಯಲ್ಲಿ ಇದ್ದ ಹಾಗೆ, ಸಣ್ಣ ತೂತು, ಅಲುಗಾಡಿಸಿದರೆ ಮಾತ್ರ ಉದುರುತ್ತದೆ. ತುಪ್ಪದ ಜೇನಿಗೆ ಆ ವಿದ್ಯೆ ಬರುವುದಿಲ್ಲ. ಮರ ಕೊರೆಯುವ ಕರಿದುಂಬಿ ಹೂವನ್ನು ಅಪ್ಪಿ ಹಿಡಿದು ಝುಂಯ್ ಅಂತ ನಡುಗಿಸುತ್ತದೆ, ಪರಾಗ ಸುರಿಯುತ್ತದೆ. ಬೆಳಗ್ಗೆ ಗಿಡದ ಪಕ್ಕ ಸುಮ್ಮನೆ ನಿಂತರೆ ಆ ಸದ್ದು ಕೇಳುತ್ತದೆ, ಹಾರುವ ಸದ್ದಿಗಿಂತ ಒಂದು ಮಟ್ಟ ಮೇಲೆ.

ಇಂಥವು ಕಡಿಮೆಯಾಗುತ್ತಿರುವಾಗ ತಾರಸಿ ಮೇಲೆ ಪೆಟ್ಟಿಗೆ ಇಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹೂ ಇರುವುದೇ ಸ್ವಲ್ಪ, ಅದಕ್ಕೆ ಸಾವಿರಾರು ಬಾಯಿ ಹೊಸದಾಗಿ ಬಿಟ್ಟರೆ ಒಂಟಿ ಜೇನು ಏನು ತಿನ್ನಬೇಕು?

ಹಳೇಪೆಟ್ಟಿಗೆ · 6:25

ಇದು ಸ್ವಲ್ಪ ಜಾಸ್ತಿ ಆಯ್ತು ಅಕ್ಕಾ. ಪೆಟ್ಟಿಗೆ ಇಟ್ಟೋರೇ ಮೊದಲು ಔಷಧಿ ವಿರುದ್ಧ ಕೂಗಿದ್ದು. ತನ್ನದು ಅಂತ ನಾಲ್ಕು ಸಾಕಿದ ಮನುಷ್ಯನಿಗೆ ಮಾತ್ರ ಪಕ್ಕದ ಹೊಲದವನ ಹತ್ರ ಜಗಳ ಆಡೋ ಧೈರ್ಯ ಬರೋದು. ನಿಮ್ಮ ಒಂಟಿ ಜೇನಿಗೆ ವಕೀಲರು ಯಾರಿದಾರೆ?

ಕರಿದುಂಬಿ · 6:41

ನಾನಿದ್ದೇನಲ್ಲ!

ಜಗಳಕ್ಕಲ್ಲ, ಒಂದು ನಿಜ ಹೇಳುತ್ತೇನೆ. 1990ರ ದಶಕದ ಕೊನೆಗೆ ಚಿಲಿ ದೇಶದವರು ಗಾಜಿನಮನೆಯ ಟೊಮೇಟೊಗಾಗಿ ಯುರೋಪಿನ ಬಂಬಲ್ ಜೇನು (ದಪ್ಪಗೆ, ಮೈತುಂಬ ರೋಮ ಇರುವ ಜೇನು) ತರಿಸಿದರು. ಅದು ಹೊರಗೆ ಹೋಗಿ ಗಡಿ ದಾಟಿ ಅರ್ಜೆಂಟೀನಾವರೆಗೂ ಹರಡಿತು. ಅಲ್ಲಿಯದೇ ಆದ ಒಂದು ದೊಡ್ಡ ಕಿತ್ತಳೆ ಬಣ್ಣದ ಬಂಬಲ್ ಜೇನು ಇತ್ತು, ಜಗತ್ತಿನಲ್ಲೇ ಅತಿ ದೊಡ್ಡದು. ಹೊಸಬರು ಹೋದಲ್ಲೆಲ್ಲ ಹಳಬರು ಕಾಣೆಯಾದರು. ಹೊತ್ತು ತಂದ ರೋಗವೂ ಕಾರಣ ಅನ್ನುತ್ತಾರೆ. ತಂದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ.

ಹಳೇಪೆಟ್ಟಿಗೆ · 6:55

ಹೊರಗಿನ ಜಾತಿ ತರೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ರೋಗ ಅಂದ್ರಲ್ಲ, 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆಗೆ ಥಾಯ್ ಚೀಲರೋಗ ಬಂತು. ಮರಿ ನೀರು ತುಂಬಿದ ಚೀಲದ ಹಾಗೆ ಆಗಿ ಸಾಯೋದು. ಹತ್ತರಲ್ಲಿ ಒಂಬತ್ತು ಸಂಸಾರ ಹೋದವು ಅಂತಾರೆ. ನನಗೆ ಜೇನು ಕಲಿಸಿದ ಹಿರಿಯರು ಆ ವರ್ಷ ಖಾಲಿ ಪೆಟ್ಟಿಗೆ ಅಟ್ಟಕ್ಕೆ ಏರಿಸಿ ಮತ್ತೆ ಕೆಳಗಿಳಿಸಲೇ ಇಲ್ಲ. ನನ್ನ ಹೆಸರು ಆ ಪೆಟ್ಟಿಗೆಯದು. ಅಟ್ಟದಿಂದ ಇಳಿಸ್ಕೊಂಡು ಬಂದಿದ್ದು ನಾನು.

ರಾತ್ರಿಪಾಳಿ · 7:20

ಚೀನಾದಲ್ಲಿ ಜೇನು ಪೂರ್ತಿ ಸತ್ತು ಜನ ಕುಂಚ ಹಿಡಿದು ಮರ ಹತ್ತಿ ಹೂವಿಗೆ ಪರಾಗ ಹಚ್ತಾರಂತೆ, ವಿಡಿಯೋ ನೋಡಿದ್ದೆ.

ಲೆಕ್ಕದಮೇಷ್ಟ್ರು · 7:42

ವಿಡಿಯೋ ನಿಜ, ವಿವರಣೆ ಅರ್ಧ ನಿಜ. ಸಿಚುವಾನ್ ಪ್ರಾಂತ್ಯದ ಹಾನ್‌ಯುವಾನ್‌ನ ಪೇರ್ ಹಣ್ಣಿನ ತೋಟಗಳು ಅವು. ಅಲ್ಲಿ ಔಷಧಿ ವಿಪರೀತ, ಹಾಗಾಗಿ ಜೇನು ಸಾಕುವವರು ಪೆಟ್ಟಿಗೆ ತಂದಿಡಲು ಒಪ್ಪುವುದಿಲ್ಲ. ಜೊತೆಗೆ ಆ ಪೇರ್‌ಗೆ ಬೇರೆ ತಳಿಯ ಪರಾಗ ಬೇಕು, ಅದರ ಮರಗಳನ್ನು ನೆಟ್ಟಿದ್ದು ಕಡಿಮೆ. ಮನುಷ್ಯರ ಕೂಲಿ ಅಗ್ಗವಿದ್ದಾಗ ಕುಂಚ ಲಾಭವಾಯಿತು. ಕೂಲಿ ಏರಿದ ಮೇಲೆ ಎಷ್ಟೋ ರೈತರು ಬೇರೆ ಬೆಳೆಗೆ ಹೋದರು.

ಇದರ ಇನ್ನೊಂದು ತುದಿ ಕ್ಯಾಲಿಫೋರ್ನಿಯಾದ ಬಾದಾಮಿ. ಕಣ್ಣು ಹಾಯುವಷ್ಟು ದೂರ ಒಂದೇ ಮರ. ಫೆಬ್ರವರಿಯಲ್ಲಿ ಕೆಲವು ವಾರ ಹೂವಿನ ಜಾತ್ರೆ, ಆಮೇಲೆ ವರ್ಷವೆಲ್ಲ ಜೇನಿಗೆ ತಿನ್ನಲು ಏನೂ ಇಲ್ಲ. ಹಾಗಾಗಿ ದೇಶದ ಮೂಲೆ ಮೂಲೆಯಿಂದ 20 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿ ತರುತ್ತಾರೆ. ಎಲ್ಲ ಒಂದೇ ಕಡೆ ಸೇರಿದರೆ ನುಸಿಗೂ ವೈರಸ್ಸಿಗೂ ಹಬ್ಬ.

ಅನುಮಾನಪ್ಪ · 8:05

ಮೇಷ್ಟ್ರೇ ಒಂದೇ ಮಾತಲ್ಲಿ ಹೇಳಿ, ಟವರ್ ಕಾರಣ ಹೌದೋ ಅಲ್ವೋ.

ಲೆಕ್ಕದಮೇಷ್ಟ್ರು · 8:12

ಹೊಲದಲ್ಲಿ ಟವರ್‌ನಿಂದ ಸಂಸಾರಗಳು ನಾಶವಾಗುತ್ತವೆ ಎಂದು ತೋರಿಸಿದ ಗಟ್ಟಿ ಪುರಾವೆ ಇಲ್ಲ. ನುಸಿ, ವಿಷ, ಹಸಿವು, ಜಾಗವಿಲ್ಲದಿರುವುದು, ಹವಾಮಾನ ತಪ್ಪಿ ಹೂ ಬೇಗ ಅರಳುವುದು, ಇವಕ್ಕೆ ರಾಶಿ ರಾಶಿ ಇದೆ. ಜರ್ಮನಿಯಲ್ಲಿ ಕ್ರೆಫೆಲ್ಡ್‌ನ ಹವ್ಯಾಸಿ ಕೀಟತಜ್ಞರು ರಕ್ಷಿತ ಪ್ರದೇಶಗಳಲ್ಲಿ ಬಲೆ ಕಟ್ಟಿ 27 ವರ್ಷ ಕೀಟ ತೂಗಿದರು. 2017ರಲ್ಲಿ ಫಲಿತಾಂಶ ಬಂತು: ಹಾರುವ ಕೀಟಗಳ ತೂಕ ಮುಕ್ಕಾಲಿಗಿಂತ ಹೆಚ್ಚು ಇಳಿದಿತ್ತು. ಕಾರಣ ಒಂದೇ ಅಂತ ಅವರೂ ಬೆರಳು ತೋರಿಸಲಿಲ್ಲ.

ಅನುಮಾನಪ್ಪ · 8:14

ಹ್ಞೂಂ. ಯೋಚಿಸ್ತೀನಿ.

ಚುಟುಕ · 8:15

ಇತಿಹಾಸ! ಇದನ್ನ ಯಾರಾದ್ರೂ ಸ್ಕ್ರೀನ್‌ಶಾಟ್ ತಗೊಳ್ಳಿ.

ಮೂರನೇಮಹಡಿ · ಸೋಮವಾರ ರಾತ್ರಿ 9:20

ಇವತ್ತು ಪೂರ್ತಿ ಓದಿದೆ, ಎಲ್ಲರಿಗೂ ಧನ್ಯವಾದ. ಪೆಟ್ಟಿಗೆ ಯೋಚನೆ ಸದ್ಯಕ್ಕೆ ಬಿಟ್ಟೆ. ಕುಂಡಗಳಲ್ಲಿ ತುಳಸಿ ತೆನೆ ಚಿವುಟದೆ ಬಿಡ್ತೀನಿ, ಒಂದು ಕುಂಡದಲ್ಲಿ ಬರೀ ಮಣ್ಣು ಇಟ್ಟಿದೀನಿ. ಕರಿದುಂಬಿ ಅವರೇ, ಅಷ್ಟು ಸಣ್ಣ ಜಾಗಕ್ಕೆ ಯಾರಾದ್ರೂ ಬರ್ತಾರಾ?

ತುಪ್ಪದ ವಿಷಯ ಸಂಘದ ಕಾರ್ಯದರ್ಶಿಗೆ ಹೇಳಿದೆ. ಮುಖ ಬಿಳಿಚಿತು. ಅವರ ಮನೆಗೂ ಒಂದು ಬಾಟಲಿ ಹೋಗಿತ್ತಂತೆ.

ಹಳೇಪೆಟ್ಟಿಗೆ · 9:24

ಚೆಲ್ಲೋಕೆ ಹೇಳಿ. ಬಯಲಲ್ಲಿ ಚೆಲ್ಲೋದಲ್ಲ, ಬೇರೆ ಜೇನು ಬಂದು ಕುಡಿದು ಸಾಯ್ತವೆ. ಮಣ್ಣಲ್ಲಿ ಆಳವಾಗಿ ಹೂಳ್ಬೇಕು.

ಕರಿದುಂಬಿ · 9:31

ಕುಂಡಕ್ಕೆ ಬರಬಹುದು, ಬಾರದೆಯೂ ಇರಬಹುದು. ಬೊಂಬಿನ ತುಂಡು ನಾಲ್ಕು ಕಟ್ಟಿ ನೇತುಹಾಕಿ, ಒಂದು ತುದಿ ಮುಚ್ಚಿರಲಿ. ಎಲೆ ಕತ್ತರಿಸುವ ಜೇನು ಬಂದರೆ ಮಗಳಿಗೆ ಅದಕ್ಕಿಂತ ದೊಡ್ಡ ಸಿನಿಮಾ ಬೇಕಿಲ್ಲ.

ಮೂರನೇಮಹಡಿ · ಮಂಗಳವಾರ ಸಂಜೆ 6:48

ಸರ್, ಅಕ್ಕಾ, ಯಾರಾದ್ರೂ ಇದೀರಾ? ಎರಿ ಇದ್ದ ಜಾಗದಲ್ಲಿ ಒಂದು ಮುಷ್ಟಿಯಷ್ಟು ನೊಣ ಬಂದು ಕೂತಿದಾವೆ. ಬೋಳು ಸಿಮೆಂಟಿನ ಮೇಲೆ, ಒಂದಕ್ಕೊಂದು ಅಂಟಿಕೊಂಡು. ಇವು ಎಲ್ಲಿಂದ ಬಂದ್ವು?

ಹಳೇಪೆಟ್ಟಿಗೆ · 6:53

ಔಷಧಿ ತಪ್ಪಿಸ್ಕೊಂಡು ಚದುರಿದವು, ಈಗ ಜಾಗಕ್ಕೆ ವಾಪಸ್ ಬಂದಿದಾವೆ. ರಾಣಿ ಇಲ್ದಿದ್ರೆ ಮತ್ತೆ ಕಟ್ಟಲ್ಲ. ಒಂದೆರಡು ದಿನ ಕೂತು ಒಂದೊಂದೇ ಉದುರ್ತವೆ. ಯಾರಿಗೂ ತೊಂದ್ರೆ ಕೊಡಲ್ಲ. ಮತ್ತೆ ಔಷಧಿ ಹೊಡಿಯೋಕೆ ಮಾತ್ರ ಬಿಡ್ಬೇಡಿ.

ಸಿಡಿಮಿಡಿ · 6:58

ಬಾಲ್ಕನಿ ದೀಪ ಆರಿಸೋಕೆ ಹೇಳಿ ಆರನೇ ಮಹಡಿಯವರಿಗೆ.

ಚುಟುಕ · 6:59

ಯಾರು ಹೇಳ್ತಿರೋದು ನೋಡಿ!

ಸಿಡಿಮಿಡಿ · 7:01

ಸುಮ್ನಿರಪ್ಪಾ.

ಮೂರನೇಮಹಡಿ · 7:30

ಆರನೇ ಮಹಡಿಗೆ ಹೋಗಿ ಹೇಳಿದೆ, ಒಪ್ಪಿ ಆರಿಸಿದ್ರು. ನಮ್ಮದೂ ಆರಿಸಿದ್ವಿ. ಮಗಳು ಕತ್ತಲಲ್ಲಿ ಬಾಲ್ಕನಿಯಲ್ಲಿ ಕೂತು ಮೇಲೆ ನೋಡ್ತಿದಾಳೆ. ಎದುರು ಮನೆಯವರು ಫೋನ್ ಮಾಡಿ, ನಿಮ್ಮ ಕಡೆ ಕರೆಂಟ್ ಹೋಯ್ತಾ ಅಂತ ಕೇಳಿದ್ರು.